ರೇಷ್ಮೆಯ ಟೊಪ್ಪಿಗೆ, ಒಣಗಿದ ಎಲೆ

ಕರಿನೀರಿನ ಶಿಕ್ಷೆ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಅಂಡಮಾನ್ ದ್ವೀಪ. ಅಲ್ಲಿಗೆ ಹೋದವನು ತಿರುಗಿ ಬಾರನೆಂದು ಮನೆಯವರು ಆಸೆ ಬಿಡುತ್ತಿದ್ದ ಕಾಲವೊಂದಿತ್ತು. ಆದರೆ ಅಪರಾಧಿಗಳನ್ನು ಕಡಲಾಚೆಗೆ ಸಾಗಹಾಕುವ ಈ ಪದ್ಧತಿಯನ್ನು ಆಂಗ್ಲರು ನಮಗಾಗಿಯೇ ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ನಮ್ಮವರನ್ನು ಅಂಡಮಾನಿಗೆ ಕಳುಹಿಸುವುದಕ್ಕೆ ಎಷ್ಟೋ ಮೊದಲೇ ಅವರು ತಮ್ಮ ಸ್ವಂತ ಜನರನ್ನು, ತಮ್ಮ ಹಳ್ಳಿಯ ಬಡವರನ್ನು, ಹೆಂಗಸರನ್ನು ಕೂಡ, ಹಡಗು ತುಂಬಿ ಭೂಮಿಯ ಮತ್ತೊಂದು ತುದಿಗೆ ಸಾಗಿಸಿದ್ದರು. ಹಾಗೆ ಹೋದವರಲ್ಲಿ ಒಬ್ಬಳ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಅವಳು ರಾಣಿಯಲ್ಲ, ಕವಯಿತ್ರಿಯಲ್ಲ, ಸಂತಳೂ ಅಲ್ಲ. ನ್ಯಾಯಾಲಯದ ಭಾಷೆಯಲ್ಲಿ ಅವಳು ಕಳ್ಳಿ.

ಇಂಗ್ಲೆಂಡಿನ ನೈಋತ್ಯದ ಮೂಲೆಯಲ್ಲಿ ಕಡಲಿಗೆ ಚಾಚಿಕೊಂಡಿರುವ ಸೀಮೆ ಕಾರ್ನ್‌ವಾಲ್. ಅಲ್ಲಿಯ ಫೋಯ್ ಎಂಬ ಸಣ್ಣ ಬಂದರಿನಲ್ಲಿ ಮೇರಿ ಬ್ರಾಡ್ ಹುಟ್ಟಿದಳು. ೧೭೬೫ರಲ್ಲಿ ಅವಳಿಗೆ ಅಲ್ಲಿ ದೀಕ್ಷಾಸ್ನಾನವಾಯಿತು. ತಂದೆ ನಾವಿಕ. ಮನೆಯ ಬಾಗಿಲಿಗೆ ಕಡಲು, ಕಿವಿಯಲ್ಲಿ ಸದಾ ಅಲೆಯ ಮೊರೆತ, ದೋಣಿ, ಹಾಯಿ, ಬಲೆ ಇವೇ ಆಟದ ಸಾಮಾನು. ಇಂಥ ಊರಿನಲ್ಲಿ ಬೆಳೆದ ಹುಡುಗಿಗೆ ಗಾಳಿಯ ದಿಕ್ಕು ಯಾರೂ ಹೇಳಿಕೊಡಬೇಕಾಗಿಲ್ಲ. ಈ ವಿದ್ಯೆ ಮುಂದೆ ಅವಳ ಪ್ರಾಣ ಕಾಯಲಿತ್ತು.

೧೭೮೬ರ ಮಾರ್ಚ್ ತಿಂಗಳಲ್ಲಿ ಎಕ್ಸೆಟರ್ ನಗರದ ನ್ಯಾಯಾಲಯದ ಮುಂದೆ ಅವಳನ್ನು ನಿಲ್ಲಿಸಿದರು. ಆಗ ಅವಳಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಜೊತೆಗೆ ಇನ್ನಿಬ್ಬರು ಹೆಂಗಸರು. ಹೆದ್ದಾರಿಯಲ್ಲಿ ಆಗ್ನೆಸ್ ಲೇಕ್‌ಮನ್ ಎಂಬ ಹೆಣ್ಣುಮಗಳ ಮೇಲೆ ಕೈಮಾಡಿ, ಒಂದು ರೇಷ್ಮೆಯ ಟೊಪ್ಪಿಗೆಯನ್ನೂ ಬೇರೆ ಕೆಲವು ವಸ್ತುಗಳನ್ನೂ ಕಿತ್ತುಕೊಂಡರೆಂಬುದು ಆರೋಪ. ಅಪರಾಧ ಸಿದ್ಧವಾಯಿತು. ತೀರ್ಪು: ಮರಣದಂಡನೆ.

ಒಂದು ಟೊಪ್ಪಿಗೆಗೆ ನೇಣೇ ಎಂದು ಇಂದಿನ ಓದುಗರು ಬೆರಗಾಗಬಹುದು. ಆದರೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದೊಂದು ವಿಶೇಷವೇ ಆಗಿರಲಿಲ್ಲ. ಆ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಗಲ್ಲಿಗೇರಿಸಬಹುದಾದ ಅಪರಾಧಗಳ ಸಂಖ್ಯೆ ಇನ್ನೂರನ್ನು ಮೀರಿತ್ತು. ಒಂದು ಷಿಲ್ಲಿಂಗಿಗಿಂತ ಹೆಚ್ಚು ಬೆಲೆಯ ವಸ್ತುವನ್ನು ಕದ್ದರೂ ಕಾನೂನಿನ ಪ್ರಕಾರ ನೇಣು. ದಾರಿಯಲ್ಲಿ ತಡೆದು ಕಿತ್ತುಕೊಂಡರಂತೂ ವಸ್ತುವಿನ ಬೆಲೆಯನ್ನೇ ಕೇಳುವಂತಿರಲಿಲ್ಲ. ಆಸ್ತಿವಂತರು ಬರೆದ ಕಾನೂನು. ಆಸ್ತಿಯ ಮುಂದೆ ಪ್ರಾಣ ಹಗುರವಾಗಿತ್ತು. ಹೀಗೆ ವಿಧಿಸಿದ ಶಿಕ್ಷೆಯನ್ನೆಲ್ಲ ನಡೆಸುತ್ತ ಹೋದರೆ ಊರೂರಿಗೆ ಹೆಣಗಳ ಸಾಲೇ ನಿಲ್ಲಬೇಕಾಗುತ್ತದೆಂದು ನ್ಯಾಯಾಧೀಶರಿಗೂ ಗೊತ್ತಿತ್ತು. ಆದ್ದರಿಂದ ಒಂದು ಕೈಯಿಂದ ನೇಣು ವಿಧಿಸಿ, ಇನ್ನೊಂದು ಕೈಯಿಂದ ಕರುಣೆ ತೋರಿ ಕಡಲಾಚೆಗೆ ಕಳುಹಿಸುವ ಪದ್ಧತಿ ನಡೆದುಬಂದಿತ್ತು. ಮೇರಿಗೂ ಅದೇ ಆಯಿತು. ನೇಣು ತಪ್ಪಿ, ಏಳು ವರ್ಷಗಳ ಗಡೀಪಾರು ಬಂದಿತು.

ಆದರೆ ಎಲ್ಲಿಗೆ? ೧೭೧೮ರಿಂದ ಆಂಗ್ಲ ಸರ್ಕಾರ ತನ್ನ ಅಪರಾಧಿಗಳನ್ನು ಅಮೆರಿಕದ ವಸಾಹತುಗಳಿಗೆ ರವಾನಿಸುತ್ತಿತ್ತು. ಸುಮಾರು ಐವತ್ತು ಸಾವಿರ ಜನ ಹೀಗೆ ಹೋಗಿದ್ದರು. ೧೭೭೫ರಲ್ಲಿ ಅಮೆರಿಕದವರು ಬಂಡೆದ್ದರು; ದಾರಿ ಕಟ್ಟಿತು. ೧೭೮೧ರಲ್ಲಿ ಯಾರ್ಕ್‌ಟೌನ್ ಎಂಬಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶರಣಾಗತನಾದ ಮೇಲೆ ಆ ಬಾಗಿಲು ಶಾಶ್ವತವಾಗಿಯೇ ಮುಚ್ಚಿತು. ಈ ಕಾರ್ನ್‌ವಾಲಿಸ್ ನಮಗೆ ಅಪರಿಚಿತನಲ್ಲ. ಅಮೆರಿಕವನ್ನು ಕಳೆದುಕೊಂಡ ಈ ಸೇನಾನಿಯೇ ಮುಂದೆ ಗವರ್ನರ್ ಜನರಲ್ ಆಗಿ ಬಂದು ಟಿಪ್ಪೂ ಸುಲ್ತಾನನ ಮೇಲೆ ದಂಡೆತ್ತಿ, ೧೭೯೧ರ ಮಾರ್ಚ್ ೨೧ರಂದು ಬೆಂಗಳೂರಿನ ಕೋಟೆಯನ್ನು ಹಿಡಿದವನು. ಆ ತಾರೀಖನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಅದರ ಕೆಲಸ ಮುಂದೆ ಇದೆ.

ಸೆರೆಮನೆಗಳು ತುಂಬಿಹೋದವು. ಹಳೆಯ ಹಡಗುಗಳ ಪಟಕಂಬಗಳನ್ನು ಕಿತ್ತು, ಬಂದರಿನಲ್ಲಿ ಲಂಗರು ಹಾಕಿ, ಅವನ್ನೇ ಸೆರೆಮನೆ ಮಾಡಿದರು. ಮೇರಿಯನ್ನು ಪ್ಲಿಮತ್ ಬಂದರಿನ ‘ಡನ್‌ಕರ್ಕ್’ ಎಂಬ ಇಂಥದೊಂದು ಹಡಗಿಗೆ ಹಾಕಿದರು. ಅಲ್ಲಿಂದ ಹೊರಬೀಳುವ ಹೊತ್ತಿಗೆ ಅವಳು ಬಸುರಿ. ಸೆರೆಯಲ್ಲಿದ್ದ ಹೆಣ್ಣು ಬಸುರಾದದ್ದು ಹೇಗೆಂದು ಅಲ್ಲಿಯ ಅಧಿಕಾರಿಗಳು ಬಹಳ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

೧೭೮೭ರ ಮೇ ೧೩ರಂದು ಹನ್ನೊಂದು ಹಡಗುಗಳ ಒಂದು ತಂಡ ಪೋರ್ಟ್ಸ್‌ಮತ್ ಬಂದರನ್ನು ಬಿಟ್ಟಿತು. ಕಪ್ತಾನ ಆರ್ಥರ್ ಫಿಲಿಪ್ ಅದರ ಮುಖ್ಯಸ್ಥ. ಏಳುನೂರಕ್ಕೂ ಹೆಚ್ಚು ಮಂದಿ ಅಪರಾಧಿಗಳು, ಅವರ ಕಾವಲಿಗೆ ಸೈನಿಕರು. ಗುರಿ, ಕಪ್ತಾನ ಕುಕ್ ೧೭೭೦ರಲ್ಲಿ ಕಂಡುಬಂದಿದ್ದ ಆಸ್ಟ್ರೇಲಿಯದ ಪೂರ್ವ ತೀರ. ಮೇರಿಯನ್ನು ಹತ್ತಿಸಿದ ಹಡಗಿನ ಹೆಸರು ‘ಷಾರ್ಲೆಟ್’. ಸೆಪ್ಟೆಂಬರಿನಲ್ಲಿ, ನಡುಗಡಲಿನಲ್ಲಿ, ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಹಡಗಿನ ಹೆಸರನ್ನೇ ಇಟ್ಟಳು. ತವರೂರು ಹಿಂದೆ ಬಿದ್ದಿತ್ತು, ಹೋಗುವ ಊರಿಗೆ ಇನ್ನೂ ಹೆಸರಿರಲಿಲ್ಲ. ಮಗಳಿಗೆ ಹುಟ್ಟೂರೆಂದು ಹೇಳಿಕೊಳ್ಳಲು ಹಡಗೊಂದೇ ಇತ್ತು.

೧೭೮೮ರ ಜನವರಿ ೨೬ರಂದು ಇಂದಿನ ಸಿಡ್ನಿ ಇರುವ ಕೊಲ್ಲಿಯಲ್ಲಿ ಆಂಗ್ಲರ ಬಾವುಟ ಏರಿತು. ಆ ನೆಲ ಬರಿದಾಗಿರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಮೀನು ಹಿಡಿದು, ಬೇಟೆಯಾಡಿ ಬಾಳುತ್ತಿದ್ದ ಜನರಿದ್ದರು. ಅವರನ್ನು ಕೇಳಿದವರಿಲ್ಲ. ಮರುವರ್ಷ ಹಬ್ಬಿದ ಸಿಡುಬಿನಿಂದ ಆ ತೀರದ ಮೂಲನಿವಾಸಿಗಳು ಗುಂಪುಗುಂಪಾಗಿ ಸತ್ತರು. ಟೊಪ್ಪಿಗೆ ಕದ್ದವಳನ್ನು ಶಿಕ್ಷಿಸುವುದಕ್ಕಾಗಿ ಒಂದು ಖಂಡವನ್ನೇ ಕಿತ್ತುಕೊಂಡರು. ಈ ಎರಡನೆಯದನ್ನು ವಿಚಾರಿಸಲು ಯಾವ ನ್ಯಾಯಾಲಯವೂ ಕೂಡಲಿಲ್ಲ.

ಬಂದಿಳಿದ ಎರಡು ವಾರಗಳಲ್ಲಿ, ಫೆಬ್ರವರಿ ೧೦ರಂದು, ಆ ನೆಲೆಯ ಮೊದಲ ಮದುವೆಗಳು ನಡೆದವು. ಅವುಗಳಲ್ಲಿ ಒಂದು ಮೇರಿಯದು. ಗಂಡ ವಿಲಿಯಂ ಬ್ರಯಂಟ್. ಅವನೂ ಕಾರ್ನ್‌ವಾಲಿನವನೇ, ಅದೇ ಹಡಗಿನಲ್ಲಿ ಬಂದ ಅಪರಾಧಿಯೇ. ಕಸುಬಿನಿಂದ ಬೆಸ್ತ. ರೈತರನ್ನೂ ಬಡಗಿಗಳನ್ನೂ ಆರಿಸಿ ಕಳುಹಿಸದೆ ಕೈಗೆ ಸಿಕ್ಕ ಕಳ್ಳರನ್ನು ಕಳುಹಿಸಿದ್ದ ಆ ನೆಲೆಯಲ್ಲಿ ಬಲೆ ಬೀಸಬಲ್ಲವನಿಗೆ ಬಹಳ ಬೆಲೆ. ಫಿಲಿಪ್ ಅವನನ್ನು ಮೀನುಗಾರಿಕೆಯ ದೋಣಿಗಳ ಮೇಲೆ ನೇಮಿಸಿದ; ಇರಲು ಒಂದು ಗುಡಿಸಲನ್ನೂ ಕೊಡಿಸಿದ. ಗಂಡ, ಹೆಂಡತಿ, ಕೂಸು. ದೂರದಿಂದ ನೋಡಿದರೆ ಸಂಸಾರವೇ.

ಆದರೆ ಹಸಿವು ಬೆನ್ನು ಬಿಡಲಿಲ್ಲ. ತಂದ ಬೀಜ ಮೊಳೆಯಲಿಲ್ಲ, ಮೊಳೆತದ್ದು ಒಣಗಿತು. ಉಗ್ರಾಣದಲ್ಲಿದ್ದ ಉಪ್ಪು ಮಾಂಸವೂ ಹಿಟ್ಟೂ ದಿನೇ ದಿನೇ ಇಳಿಯಿತು. ಪಡಿತರವನ್ನು ಮತ್ತೆ ಮತ್ತೆ ಕಡಿತ ಮಾಡಿದರು. ೧೭೮೯ರ ಆರಂಭದಲ್ಲಿ ವಿಲಿಯಂ ಹಿಡಿದ ಮೀನಿನಲ್ಲಿ ಒಂದಿಷ್ಟನ್ನು ಮುಚ್ಚಿಟ್ಟು ತನ್ನ ಲಾಭಕ್ಕೆ ಮಾರುತ್ತಿದ್ದನೆಂಬುದು ಬಯಲಾಯಿತು. ನೂರು ಚಾವಟಿ ಏಟು ಬಿತ್ತು, ಗುಡಿಸಲಿನಿಂದ ಹೊರಹಾಕಿದರು. ಆದರೂ ದೋಣಿಯ ಕೆಲಸದಿಂದ ಬಿಡಿಸಲಿಲ್ಲ. ಅವನಷ್ಟು ಬಲ್ಲ ಬೆಸ್ತ ಇನ್ನೊಬ್ಬನಿರಲಿಲ್ಲ. ಬೆನ್ನಿನ ಚರ್ಮ ಸುಲಿದ ಸರ್ಕಾರವೇ ಅವನ ಕೈಯ ಮೀನನ್ನು ತಿನ್ನಬೇಕಾಯಿತು.

೧೭೯೦ರಲ್ಲಿ ಗಂಡುಮಗು ಹುಟ್ಟಿತು. ಇಮ್ಯಾನ್ಯುಯೆಲ್ ಎಂದು ಹೆಸರಿಟ್ಟರು. ಅದೇ ವರ್ಷ ಮಾರ್ಚಿನಲ್ಲಿ ನೆಲೆಯ ದೊಡ್ಡ ಹಡಗು ‘ಸಿರಿಯಸ್’ ನಾರ್ಫಕ್ ದ್ವೀಪದ ಬಂಡೆಗೆ ಬಡಿದು ಒಡೆಯಿತು. ಜೂನ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಎರಡನೆಯ ತಂಡದ ಹಡಗುಗಳು ಬಂದವು. ಅವುಗಳಲ್ಲಿ ಹೊರಟಿದ್ದ ಕೈದಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ದಾರಿಯಲ್ಲೇ ಸತ್ತಿದ್ದರು. ಉಳಿದವರಲ್ಲಿ ಅನೇಕರನ್ನು ದಡಕ್ಕೆ ಹೊತ್ತು ಇಳಿಸಬೇಕಾಯಿತು. ಸಾಗಿಸಿದ ತಲೆಗಿಷ್ಟೆಂದು ಗುತ್ತಿಗೆದಾರರಿಗೆ ಹಣ ಸಂದಿತ್ತು; ತಲೆಗಳು ಜೀವಸಹಿತ ತಲುಪಬೇಕೆಂಬ ಷರತ್ತು ಇರಲಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡ ಗಂಡಹೆಂಡಿರು ಓಡಿಹೋಗುವ ಯೋಚನೆ ಮಾಡಿದರೆ ಆಶ್ಚರ್ಯವೇನು? ೧೭೯೧ರ ಆರಂಭಕ್ಕೆ ವಿಲಿಯಮನ ಅವಧಿ ಮುಗಿಯುತ್ತ ಬಂದಿತ್ತು. ಆದರೆ ಯಾರ ಶಿಕ್ಷೆ ಎಂದು ಮುಗಿಯುತ್ತದೆಂದು ತಿಳಿಸುವ ಕಾಗದಪತ್ರಗಳನ್ನು ಮೊದಲ ಹಡಗುಗಳೊಡನೆ ಕಳುಹಿಸುವುದನ್ನೇ ಲಂಡನ್ನಿನವರು ಮರೆತಿದ್ದರು! ಬಿಡುಗಡೆಗೆ ಅರ್ಹನಾದವನೂ ಅರ್ಹನೆಂದು ತೋರಿಸಲಾರದ ಸ್ಥಿತಿ. ಮೇರಿಗೆ ಇನ್ನೂ ಎರಡು ವರ್ಷ ಉಳಿದಿತ್ತು. ಈ ನೆಲದಲ್ಲಿ ನಡೆದ ಮದುವೆ ಇಂಗ್ಲೆಂಡಿನಲ್ಲಿ ಕಟ್ಟುಪಾಡಲ್ಲವೆಂದು ವಿಲಿಯಂ ಯಾರೊಡನೆಯೋ ಆಡಿದ ಮಾತು ಅಧಿಕಾರಿಗಳ ಕಿವಿಗೂ ಬಿದ್ದಿತ್ತು. ಹೆಂಡತಿಯ ಕಿವಿಗೆ ಬೀಳದೆ ಇದ್ದೀತೆ? ಅವನೊಬ್ಬನೇ ಹೋಗಿಬಿಟ್ಟರೆ ಎರಡು ಕೂಸುಗಳೊಡನೆ ಆ ತೀರದಲ್ಲಿ ಉಳಿಯುವವಳು ತಾನು. ಹೋದರೆ ಎಲ್ಲರೂ ಕೂಡಿ ಹೋಗಬೇಕು.

ಅವಕಾಶವನ್ನು ಒಂದು ಡಚ್ ಹಡಗು ತಂದಿತು. ಬಟಾವಿಯದಿಂದ, ಎಂದರೆ ಇಂದಿನ ಜಕಾರ್ತದಿಂದ, ದವಸ ತುಂಬಿಕೊಂಡು ೧೭೯೦ರ ಡಿಸೆಂಬರಿನಲ್ಲಿ ಅದು ಸಿಡ್ನಿಗೆ ಬಂದಿತ್ತು. ಅದರ ಕಪ್ತಾನನಿಂದ ವಿಲಿಯಂ ಒಂದು ಕಡಲ ನಕ್ಷೆ, ಒಂದು ದಿಕ್ಸೂಚಿ, ಸೂರ್ಯನ ಎತ್ತರ ನೋಡಿ ಅಕ್ಷಾಂಶ ಕಂಡುಕೊಳ್ಳುವ ಒಂದು ಉಪಕರಣ ಇಷ್ಟನ್ನೂ, ಕೋವಿಗಳನ್ನೂ ಗುಟ್ಟಾಗಿ ಸಂಪಾದಿಸಿದ. ದೋಣಿ? ಅದು ಗವರ್ನರನದೇ. ಕೆಲವು ವಾರಗಳ ಹಿಂದೆ ಬಿರುಗಾಳಿಗೆ ಮಗುಚಿ ಕೆಟ್ಟಿದ್ದ ಆ ಆರು ಹುಟ್ಟಿನ ದೋಣಿಯನ್ನು ಸರ್ಕಾರದ ಖರ್ಚಿನಲ್ಲೇ ರಿಪೇರಿ ಮಾಡಿ, ಹೊಸ ಹಾಯಿ ಕಟ್ಟಿ ಸಿದ್ಧಪಡಿಸಿದ್ದರು.

ಡಚ್ ಹಡಗು ಬಂದರು ಬಿಟ್ಟು ಹೋಯಿತು. ಬೆನ್ನಟ್ಟಬಲ್ಲ ಹಡಗು ಕೊಲ್ಲಿಯಲ್ಲಿ ಒಂದೂ ಉಳಿಯಲಿಲ್ಲ. ಮರುದಿನ ರಾತ್ರಿ, ೧೭೯೧ರ ಮಾರ್ಚ್ ೨೮ರಂದು, ವಿಲಿಯಂ, ಮೇರಿ, ಮೂರೂವರೆ ವರ್ಷದ ಷಾರ್ಲೆಟ್, ಒಂದು ವರ್ಷದ ಇಮ್ಯಾನ್ಯುಯೆಲ್, ಅವರೊಡನೆ ಏಳು ಮಂದಿ ಕೈದಿಗಳು, ಒಟ್ಟು ಹನ್ನೊಂದು ಜೀವ, ಕತ್ತಲಲ್ಲಿ ದೋಣಿ ಏರಿ ಹೊರಟವು. ಬೆಂಗಳೂರಿನ ಕೋಟೆ ಬಿದ್ದು ಅಂದಿಗೆ ಸರಿಯಾಗಿ ಒಂದು ವಾರ. ಇತ್ತ ಒಂದು ಸಾಮ್ರಾಜ್ಯ ಕೋಟೆಯ ಗೋಡೆ ಒಡೆದು ಒಳನುಗ್ಗುತ್ತಿದ್ದಾಗ, ಅತ್ತ ಅದೇ ಸಾಮ್ರಾಜ್ಯದ ಗೋಡೆಯೊಳಗಿಂದ ಒಬ್ಬ ತಾಯಿ ಎರಡು ಕೂಸುಗಳನ್ನು ಅವುಚಿಕೊಂಡು ನುಸುಳಿ ಹೊರಬಿದ್ದಳು. ಚರಿತ್ರೆಯ ಪುಸ್ತಕಗಳಲ್ಲಿ ಮೊದಲನೆಯದಕ್ಕೆ ಅಧ್ಯಾಯವೇ ಉಂಟು. ಎರಡನೆಯದಕ್ಕೆ ಅಡಿಟಿಪ್ಪಣಿ ಸಿಕ್ಕರೆ ಹೆಚ್ಚು.

ಮಾರನೆಯ ಬೆಳಗ್ಗೆ ಕಾವಲುಗಾರರು ನೋಡಿದಾಗ ಗುಡಿಸಲಿನಿಂದ ದಡದವರೆಗಿನ ಕಾಲುದಾರಿಯಲ್ಲಿ ಒಂದು ಗರಗಸ, ಒಂದು ತಕ್ಕಡಿ, ಚೆಲ್ಲಿದ ಒಂದಿಷ್ಟು ಅಕ್ಕಿ ಬಿದ್ದಿದ್ದವು. ಹಸಿದ ನೆಲೆಯಲ್ಲಿ ಅಕ್ಕಿ ಚೆಲ್ಲಿ ಹೋಗುವುದೆಂದರೆ ಎಂಥ ಗಾಬರಿಯ ಗಳಿಗೆ ಅದಾಗಿದ್ದಿರಬೇಕು!

ದೋಣಿಯಲ್ಲಿದ್ದ ಬುತ್ತಿ ಇಷ್ಟು: ಸುಮಾರು ನೂರು ಪೌಂಡ್ ಹಿಟ್ಟು, ಅಷ್ಟೇ ಅಕ್ಕಿ, ಹದಿನಾಲ್ಕು ಪೌಂಡ್ ಹಂದಿಮಾಂಸ, ಎಂಟು ಗ್ಯಾಲನ್ ನೀರು. ಆ ಏಳು ಮಂದಿಯಲ್ಲಿ ಒಬ್ಬನಾದ ಜೇಮ್ಸ್ ಮಾರ್ಟಿನ್ ತಿಳಿಸಿದ ಲೆಕ್ಕ ಇದು. ಅವನ ಹೇಳಿಕೆಯ ಕೈಬರಹ ತತ್ತ್ವಜ್ಞಾನಿ ಜೆರೆಮಿ ಬೆಂಥಮನ ಕಾಗದಗಳ ನಡುವೆ ಸಿಕ್ಕಿ ಉಳಿದಿದೆ. ಈ ಪಯಣದ ವಿವರಗಳು ನಮಗೆ ದೊರೆಯುವುದು ಬಹುಮಟ್ಟಿಗೆ ಅದರಿಂದಲೇ.

ಅವರು ಉತ್ತರಕ್ಕೆ ತಿರುಗಿ ದಡವನ್ನು ಹಿಡಿದೇ ಸಾಗಿದರು. ಹೊರಟ ಎರಡು ದಿನಗಳಲ್ಲಿ ಒಂದು ತೊರೆಯ ಬಾಯಲ್ಲಿ ಇಳಿದಾಗ ನೆಲದ ಮೇಲೆ ಕಲ್ಲಿದ್ದಲ ತುಂಡುಗಳು ಕಂಡವು. ಹೊತ್ತಿಸಿ ನೋಡಿದರೆ ಚೆನ್ನಾಗಿ ಉರಿದವು. ಮುಂದೆ ಆ ಭಾಗದ ಕಲ್ಲಿದ್ದಲು ಆಸ್ಟ್ರೇಲಿಯಕ್ಕೆ ಐಶ್ವರ್ಯ ತಂದಿತು. ಆದರೆ ಅದನ್ನು ಕಂಡ ಈ ಹನ್ನೊಂದು ಮಂದಿಗೆ ಆ ರಾತ್ರಿಯ ಬೆಂಕಿಯಷ್ಟೇ ಲಾಭ. ದಕ್ಷಿಣಾರ್ಧಗೋಳದಲ್ಲಿ ಅದು ಚಳಿಗಾಲ ಬರುವ ಹೊತ್ತು. ಬಿರುಗಾಳಿ ದೋಣಿಯನ್ನು ದಡ ಕಾಣದ ದೂರಕ್ಕೆ ಒಯ್ದ ದಿನಗಳುಂಟು. ಹಲಗೆಯ ಸಂದಿನಿಂದ ನೀರು ಜಿನುಗಿದಾಗ ಸಾಬೂನು ತುಂಬಿ ಮುಚ್ಚಿದರು. ಹಗಲೂ ರಾತ್ರಿಯೂ ನೀರು ಮೊಗೆದು ಹೊರಚೆಲ್ಲಿದರು. ಕೆಲವೆಡೆ ಇಳಿದಾಗ ಮೂಲನಿವಾಸಿಗಳು ಸ್ನೇಹದಿಂದ ನಡೆದುಕೊಂಡರು, ಕೆಲವೆಡೆ ಓಡಿಸಿದರು. ಹೊಸಬರ ಕೋವಿಯ ಸದ್ದು ಕೇಳಿದ ನೆಲದವರು ಓಡಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಮಹಾ ಹವಳದಿಬ್ಬದ ಒಳಗಿನ ಸಣ್ಣ ದ್ವೀಪವೊಂದರಲ್ಲಿ ಅದೃಷ್ಟ ತೆರೆಯಿತು. ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬಂದಿದ್ದವು. ಹೊಟ್ಟೆ ತುಂಬ ತಿಂದರು, ಉಳಿದ ಮಾಂಸವನ್ನು ಒಣಗಿಸಿ ಕಟ್ಟಿಕೊಂಡರು, ಆಮೆಯ ಕೊಬ್ಬನ್ನು ದೋಣಿಯ ಬಿರುಕಿಗೆ ಮೆತ್ತಿದರು. ಅಲ್ಲಿಂದ ಮುಂದೆ ಖಂಡದ ಉತ್ತರ ತುದಿಯನ್ನು ಸುತ್ತಿ ಕಾರ್ಪೆಂಟೇರಿಯ ಕೊಲ್ಲಿಯ ಬಾಯಿಗೆ ಬಂದರು. ಅಲ್ಲಿ ಹಾಯಿ ಕಟ್ಟಿದ ದೊಡ್ಡ ಓಡಗಳಲ್ಲಿ ದ್ವೀಪವಾಸಿಗಳು ಅಟ್ಟಿಸಿಕೊಂಡು ಬಂದಾಗ, ದಡದ ಆಸರೆಯನ್ನು ಬಿಟ್ಟು ತೆರೆದ ಕಡಲಿಗೇ ದೋಣಿ ತಿರುಗಿಸಿದರು. ನಾಲ್ಕೈದು ದಿನದಲ್ಲಿ ಕೊಲ್ಲಿಯನ್ನು ದಾಟಿದರು. ಕೊನೆಗೆ ೧೭೯೧ರ ಜೂನ್ ೫ರಂದು ತಿಮೋರ್ ದ್ವೀಪದ ಕುಪಾಂಗ್ ಎಂಬ ಡಚ್ ಬಂದರನ್ನು ಮುಟ್ಟಿದರು. ಅರವತ್ತೊಂಬತ್ತು ದಿನ, ೩,೨೫೪ ಕಡಲ ಮೈಲಿ. ಹನ್ನೊಂದು ಜನ ಹತ್ತಿದ್ದರು, ಹನ್ನೊಂದು ಜನವೂ ಇಳಿದರು. ಮೊಲೆಹಾಲಿನ ಕೂಸೂ ಬದುಕಿತ್ತು.

ಎರಡು ವರ್ಷಗಳ ಹಿಂದೆ, ೧೭೮೯ರಲ್ಲಿ, ಇದೇ ಕುಪಾಂಗಿಗೆ ಇಂಥದೇ ಇನ್ನೊಂದು ತೆರೆದ ದೋಣಿ ಬಂದಿತ್ತು. ‘ಬೌಂಟಿ’ ಹಡಗಿನ ದಂಗೆಕೋರರು ಹೊರದೂಡಿದ ಕಪ್ತಾನ ಬ್ಲೈಯನ ದೋಣಿ ಅದು. ಬ್ಲೈ ನುರಿತ ನಾವಿಕ, ಕಪ್ತಾನ ಕುಕ್ಕನ ಕೈಕೆಳಗೆ ಪಳಗಿದವನು; ಅವನ ಸಾಹಸವನ್ನು ಲೋಕವೆಲ್ಲ ಕೊಂಡಾಡಿತು. ಬೆಸ್ತನೊಬ್ಬ, ಅವನ ಹೆಂಡತಿ, ಒಂದಷ್ಟು ಕಳ್ಳರು ಮಾಡಿದ ಇದೇ ಸಾಹಸ ‘ತಲೆ ತಪ್ಪಿಸಿಕೊಂಡ ಪ್ರಕರಣ’ ಎಂದು ಕಡತಕ್ಕೆ ಸೇರಿತು.

ಕುಪಾಂಗಿನ ಡಚ್ ಗವರ್ನರನಿಗೆ ತಾವು ಒಡೆದ ಹಡಗಿನಿಂದ ಪಾರಾಗಿ ಬಂದವರೆಂದು ಹೇಳಿಕೊಂಡರು. ಅವನು ನಂಬಿದ, ಅನ್ನ ಬಟ್ಟೆ ಕೊಟ್ಟ. ಎರಡು ತಿಂಗಳು ಸುಖದಲ್ಲಿ ಕಳೆಯಿತು. ಆಮೇಲೆ ಗುಟ್ಟು ಒಡೆಯಿತು. ಕುಡಿದ ಮತ್ತಿನಲ್ಲಿ ಒಬ್ಬ ಬಾಯಿಬಿಟ್ಟನೆಂದು ಒಂದು ಮಾತು. ಮಾರ್ಟಿನ್ ಹೇಳುವುದೇ ಬೇರೆ: ವಿಲಿಯಂ ಹೆಂಡತಿಯೊಡನೆ ಜಗಳವಾಡಿ, ಆ ಸಿಟ್ಟಿನಲ್ಲಿ ತಾನೇ ಹೋಗಿ ಎಲ್ಲರ ವಿಷಯವನ್ನೂ ಹೇಳಿಬಿಟ್ಟನಂತೆ. ಮೂರು ಸಾವಿರ ಮೈಲಿಯ ಕಡಲು ಮುಳುಗಿಸಲಾರದ ಸಂಸಾರವನ್ನು ಒಂದು ಮನೆಜಗಳ ಮುಳುಗಿಸಿತು.

ಸೆಪ್ಟೆಂಬರಿನಲ್ಲಿ ಕಪ್ತಾನ ಎಡ್ವರ್ಡ್ಸ್ ಎಂಬುವನು ಅಲ್ಲಿಗೆ ಬಂದ. ‘ಬೌಂಟಿ’ಯ ದಂಗೆಕೋರರನ್ನು ಹಿಡಿದು ತರಲು ಹೊರಟಿದ್ದ ಅವನ ಹಡಗು ‘ಪ್ಯಾಂಡೋರ’ ಹವಳದಿಬ್ಬಕ್ಕೆ ಬಡಿದು ಮುಳುಗಿತ್ತು. ಅವನೂ ತೆರೆದ ದೋಣಿಗಳಲ್ಲೇ ಕುಪಾಂಗ್ ಸೇರಿದ್ದ. ಆದರೆ ಸಮಾನ ಕಷ್ಟ ಅವನ ಮನಸ್ಸನ್ನು ಮೆತ್ತಗೆ ಮಾಡಲಿಲ್ಲ. ಈ ಹನ್ನೊಂದು ಮಂದಿಯನ್ನು ತನ್ನ ವಶಕ್ಕೆ ತೆಗೆದುಕೊಂಡು, ಕೋಳ ತೊಡಿಸಿ ಬಟಾವಿಯಕ್ಕೆ ಸಾಗಿಸಿದ. ಬಟಾವಿಯ ಆಗ ಜ್ವರಕ್ಕೆ ಹೆಸರಾದ ಊರು. ಐರೋಪ್ಯರ ಮಸಣವೆಂದೇ ಅದಕ್ಕೆ ಖ್ಯಾತಿ. ಡಿಸೆಂಬರ್ ೧ರಂದು ಇಮ್ಯಾನ್ಯುಯೆಲ್ ತೀರಿಕೊಂಡ. ಡಿಸೆಂಬರ್ ೨೨ರಂದು ವಿಲಿಯಂ ತೀರಿಕೊಂಡ. ಮುಂದಿನ ದಾರಿಯಲ್ಲಿ ಸಂಗಡಿಗರಲ್ಲಿ ಇಬ್ಬರು ಸತ್ತರು. ಮತ್ತೊಬ್ಬ ಕಡಲಿನ ಪಾಲಾದ.

ಆಫ್ರಿಕದ ದಕ್ಷಿಣ ತುದಿಯ ಕೇಪ್ ಬಂದರಿನಲ್ಲಿ ಉಳಿದವರನ್ನು ‘ಗಾರ್ಗನ್’ ಎಂಬ ಹಡಗಿಗೆ ಹತ್ತಿಸಿದರು. ಸಿಡ್ನಿಯಲ್ಲಿ ಅವಧಿ ಮುಗಿಸಿದ ಸೈನಿಕರು ಅದರಲ್ಲಿ ಊರಿಗೆ ಮರಳುತ್ತಿದ್ದರು. ಅವರಲ್ಲೊಬ್ಬ ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ. ಹೋಗುವಾಗ ಮೇರಿ ಇದ್ದ ‘ಷಾರ್ಲೆಟ್’ ಹಡಗಿನಲ್ಲೇ ಹೋಗಿದ್ದವನು. ಅವಳನ್ನೂ ಅವಳ ಗಂಡನನ್ನೂ ಅವನು ಬಲ್ಲ. ಈಗ ಇವರನ್ನು ಕಂಡಾಗಲೆಲ್ಲ ತನಗೆ ಮರುಕವೂ ಬೆರಗೂ ಆಗುತ್ತಿತ್ತೆಂದು ಅವನು ತನ್ನ ಗ್ರಂಥದಲ್ಲಿ ಒಪ್ಪಿಕೊಂಡಿದ್ದಾನೆ. ಕಾವಲಿಗಿದ್ದವನ ಬಾಯಿಂದ ಬಂದ ಈ ಮಾತಿಗೆ ತೂಕವಿದೆ.

೧೭೯೨ರ ಮೇ ತಿಂಗಳು. ಭೂಮಧ್ಯರೇಖೆಯ ಆಸುಪಾಸಿನ ಸೆಕೆ. ಹಡಗಿನಲ್ಲಿದ್ದ ಸೈನಿಕರ ಮಕ್ಕಳು ಒಂದಾದ ಮೇಲೊಂದು ಸಾಯುತ್ತಿದ್ದವು. ಷಾರ್ಲೆಟ್ ಕೂಡ ಸತ್ತಳು. ಇನ್ನೂ ಐದು ತುಂಬಿರಲಿಲ್ಲ. ಕಡಲಿನ ಮೇಲೆ ಹುಟ್ಟಿದವಳನ್ನು ಕಡಲಿಗೇ ಒಪ್ಪಿಸಿದರು. ನ್ಯಾಯಾಲಯದ ಯಾವ ತೀರ್ಪಿನಲ್ಲೂ ಆ ಮಗುವಿನ ಹೆಸರಿರಲಿಲ್ಲ. ಶಿಕ್ಷೆಯನ್ನು ಮಾತ್ರ ಅದು ಪೂರ್ತಿಯಾಗಿ ಅನುಭವಿಸಿತು.

ಗಡೀಪಾರಿನ ಅವಧಿ ತೀರುವ ಮೊದಲೇ ಮರಳಿದವರಿಗೆ ಕಾನೂನಿನಲ್ಲಿ ನೇಣೇ ಗತಿ. ಆದರೆ ಲಂಡನ್ನಿನ ಪತ್ರಿಕೆಗಳು ಇವರ ಕಥೆಯನ್ನು ಪ್ರಕಟಿಸಿದವು, ಜನ ಮರುಗಿದರು. ೧೭೯೨ರ ಜುಲೈ ತಿಂಗಳಲ್ಲಿ ನ್ಯಾಯಾಲಯ ಅವರನ್ನು ನೇಣಿಗೆ ಕಳುಹಿಸದೆ ಹಳೆಯ ಶಿಕ್ಷೆಯನ್ನೇ ಮುಂದುವರಿಸಿ ನ್ಯೂಗೇಟ್ ಸೆರೆಮನೆಯಲ್ಲಿರಿಸಿತು. ಆಗ ಮುಂದೆ ಬಂದವನು ಜೇಮ್ಸ್ ಬಾಸ್ವೆಲ್. ಡಾಕ್ಟರ್ ಜಾನ್ಸನ್ನನ ಜೀವನಚರಿತ್ರೆಯನ್ನು ೧೭೯೧ರಲ್ಲಿ ಪ್ರಕಟಿಸಿ ಕೀರ್ತಿವಂತನಾಗಿದ್ದ ಅದೇ ಬಾಸ್ವೆಲ್. ಕುಡಿತ, ಚಪಲ, ದುಂದು ಎಲ್ಲವೂ ಇದ್ದ ಮನುಷ್ಯ. ಆದರೆ ಕಟಕಟೆಯಲ್ಲಿ ನಿಂತ ಬಡವರನ್ನು ಕಂಡರೆ ಅವನೊಳಗಿನ ವಕೀಲ ಎಚ್ಚರಗೊಳ್ಳುತ್ತಿದ್ದ. ಗೃಹಮಂತ್ರಿ ಹೆನ್ರಿ ಡುಂಡಾಸ್ ಅವನ ಹಳೆಯ ಪರಿಚಿತ. ಪತ್ರ ಬರೆದ, ಬಾಗಿಲು ತಟ್ಟಿದ, ಬೇಸರವಾಗುವಷ್ಟು ಬೆನ್ನುಹತ್ತಿದ. ೧೭೯೩ರ ಮೇ ತಿಂಗಳಲ್ಲಿ ಮೇರಿಗೆ ಕ್ಷಮಾದಾನ ದೊರೆಯಿತು. ನವೆಂಬರಿನಲ್ಲಿ ಉಳಿದ ನಾಲ್ವರು ಗಂಡಸರೂ ಹೊರಬಂದರು.

ಓದುಗರು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ೧೭೮೬ರ ಮಾರ್ಚಿನಲ್ಲಿ ವಿಧಿಸಿದ ಏಳು ವರ್ಷದ ಶಿಕ್ಷೆ ೧೭೯೩ರ ಮಾರ್ಚಿಗೆ ಮುಗಿದೇಹೋಗಿತ್ತು. ದೊರೆಯ ಕರುಣೆ ಬಂದದ್ದು ಮೇ ತಿಂಗಳಲ್ಲಿ! ಸಾಲ ಪೂರ್ತಿ ತೀರಿದ ಮೇಲೆ ‘ಹೋಗಲಿ, ಬಿಟ್ಟಿದ್ದೇನೆ’ ಎಂದು ಸಾಹುಕಾರ ಔದಾರ್ಯ ತೋರಿದಂತಾಯಿತು.

ಈ ಕಥೆಯನ್ನು ಒಮ್ಮೆ ತರಗತಿಯಲ್ಲಿ ಹೇಳಿದ್ದೆ. ಪಾಠಕ್ಕೆ ಸಂಬಂಧಿಸಿದ್ದಲ್ಲ, ಮಾತಿಗೆ ಮಾತು ಬಂದು ಹೇಳಿದ್ದು. ಮುಗಿಸಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: “ಅದೆಲ್ಲ ಸರಿ ಸಾರ್, ಅವಳು ಕಿತ್ತುಕೊಂಡದ್ದು ನಿಜ ತಾನೆ? ಆ ಆಗ್ನೆಸ್ ಅನ್ನೋಳ ಗತಿ ಏನು?” ಥಟ್ಟನೆ ನನಗೆ ಉತ್ತರ ಹೊಳೆಯಲಿಲ್ಲ. ಮರುಗುವ ಭರದಲ್ಲಿ ನಾನು ಆ ಹೆಣ್ಣುಮಗಳನ್ನು ಮರೆತೇಬಿಟ್ಟಿದ್ದೆ. ದಾರಿಯಲ್ಲಿ ಒಂಟಿಯಾಗಿ ಹೋಗುತ್ತಿದ್ದಾಗ ಮೂವರು ಮೇಲೆ ಬಿದ್ದು ಕಿತ್ತುಕೊಂಡರೆ ಆಗುವ ಭಯ ಸಣ್ಣದಲ್ಲ. ಅದನ್ನು ಒಪ್ಪಲೇಬೇಕು. ಮೇರಿಯನ್ನು ದೇವತೆ ಮಾಡಲು ಹೊರಟರೆ ಆಗ್ನೆಸಳಿಗೆ ಎರಡನೆಯ ಸಲ ಅನ್ಯಾಯವಾಗುತ್ತದೆ.

ಆದರೆ ಆ ಹುಡುಗಿಯ ಪ್ರಶ್ನೆಯನ್ನೇ ಮನೆಗೆ ಒಯ್ದು ಯೋಚಿಸಿದಾಗ ಇನ್ನೊಂದು ಮಾತು ಹೊಳೆಯಿತು. ಆಗ್ನೆಸಳಿಗೆ ಆ ಕಾನೂನಿನಿಂದ ದೊರೆತದ್ದಾದರೂ ಏನು? ಅವಳ ಭಯಕ್ಕೆ ಪರಿಹಾರ ಮೇರಿಯ ಬೆನ್ನಮೇಲೆ ಹೇರಿದ ಹನ್ನೆರಡು ಸಾವಿರ ಮೈಲಿಯ ಕಡಲೇ? ನಡುಗಡಲಿಗೆ ಬಿದ್ದ ಕೂಸೇ? ತಪ್ಪಿಗೂ ದಂಡಕ್ಕೂ ನಡುವೆ ಒಂದು ತಕ್ಕಡಿ ಇರಬೇಕು. ಆ ತಕ್ಕಡಿ ಹಾಳಾದಾಗ ನಷ್ಟಪಟ್ಟವಳ ದುಃಖವೂ ಅದರಲ್ಲಿ ತೂಗದೆ ಹೋಗುತ್ತದೆ. ೧೭೮೮ರಿಂದ ೧೮೬೮ರವರೆಗೆ, ಎಂಬತ್ತು ವರ್ಷಗಳಲ್ಲಿ, ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಆಸ್ಟ್ರೇಲಿಯಕ್ಕೆ ಸಾಗಿಸಿದರು. ಬಹುಪಾಲು ಜನರ ಅಪರಾಧ ಕಳವು. ಇಷ್ಟು ಜನರನ್ನು ಸಾಗಿಸಿದರೂ ಇಂಗ್ಲೆಂಡಿನಲ್ಲಿ ಕಳವು ನಿಂತಿತೆಂದು ಯಾವ ಚರಿತ್ರಕಾರನೂ ಬರೆದಿಲ್ಲ.

ಬಿಡುಗಡೆಯಾದ ಮೇರಿಗೆ ಊರಿಗೆ ಹೋಗಲು ಅಂಜಿಕೆಯಿತ್ತು. ಯಾವ ಮುಖದಿಂದ ಹೋಗುವುದು, ಒಳಗೆ ಕರೆದುಕೊಳ್ಳುವರೋ ಇಲ್ಲವೋ ಎಂಬ ಅಳುಕು. ಬಾಸ್ವೆಲ್ ಲಂಡನ್ನಿನಲ್ಲಿ ಕೆಲಸಕ್ಕಿದ್ದ ಅವಳ ತಂಗಿಯನ್ನು ಕೂಡಿಸಿದ. ಊರಿನವರ ಮನಸ್ಸನ್ನೂ ವಿಚಾರಿಸಿದ. ೧೭೯೩ರ ಅಕ್ಟೋಬರಿನಲ್ಲಿ ಅವಳನ್ನು ಫೋಯ್‌ಗೆ ಹೋಗುವ ಹಡಗು ಹತ್ತಿಸಲು ತಾನೇ ದಡದವರೆಗೆ ಬಂದ. ವರ್ಷಕ್ಕೆ ಹತ್ತು ಪೌಂಡ್ ಕೊಡುವುದಾಗಿ ಮಾತು ಕೊಟ್ಟ. ೧೭೯೫ರಲ್ಲಿ ಬಾಸ್ವೆಲ್ ತೀರಿಕೊಂಡ. ಹಣ ಹೋಗಿಬರುತ್ತಿದ್ದಷ್ಟು ಕಾಲ ಕಾಗದಗಳಲ್ಲಿ ಕಾಣಿಸುವ ಮೇರಿ ಆಮೇಲೆ ಹಳ್ಳಿಯ ಜನದಲ್ಲಿ ಒಬ್ಬಳಾಗಿ ಬೆರೆತುಹೋಗುತ್ತಾಳೆ. ದಾಖಲೆಯಿಂದ ಮರೆಯಾಗುವುದೇ ಅಂಥವರ ಪಾಲಿಗೆ ನಿಜವಾದ ಬಿಡುಗಡೆ ಎಂದು ನನಗೆ ಒಮ್ಮೊಮ್ಮೆ ತೋರುತ್ತದೆ.

ಬಾಸ್ವೆಲ್ಲನ ಕಾಗದಗಳ ರಾಶಿ ಬಹುಕಾಲ ಕಣ್ಮರೆಯಾಗಿದ್ದು, ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯವನ್ನು ಸೇರಿತು. ಅದರಲ್ಲಿ ಒಂದು ಸಣ್ಣ ಪೊಟ್ಟಣವಿತ್ತು. ಬಿಚ್ಚಿದರೆ ಒಣಗಿದ ಎಲೆಗಳು. ಸಿಡ್ನಿಯ ಸುತ್ತಿನ ಕಾಡಿನಲ್ಲಿ ಬೆಳೆಯುವ ಒಂದು ಬಳ್ಳಿಯ ಎಲೆ ಅದು. ಹಸಿದ ಕೈದಿಗಳು ಅದನ್ನು ಕುದಿಸಿ ಚಹಾದಂತೆ ಕುಡಿಯುತ್ತಿದ್ದರು. ಸ್ವಲ್ಪ ಸಿಹಿಯಾಗಿರುತ್ತದೆ. ಮೇರಿ ಅದನ್ನು ಸಿಡ್ನಿಯಿಂದ ದೋಣಿಯಲ್ಲಿ ಕಟ್ಟಿಕೊಂಡು ಹೊರಟಿದ್ದಳು. ಬಿರುಗಾಳಿ, ಹವಳದಿಬ್ಬ, ಕುಪಾಂಗ್, ಬಟಾವಿಯದ ಜ್ವರ, ‘ಗಾರ್ಗನ್’ ಹಡಗಿನ ಸೆಕೆ, ನ್ಯೂಗೇಟ್ ಸೆರೆಮನೆ ಇವೆಲ್ಲವನ್ನೂ ದಾಟಿ ಆ ಎಲೆ ಉಳಿದಿತ್ತು. ಗಂಡ ಉಳಿಯಲಿಲ್ಲ, ಮಕ್ಕಳು ಉಳಿಯಲಿಲ್ಲ. ಉಳಿದ ಆ ಎಲೆಯಲ್ಲಿ ಒಂದು ಹಿಡಿಯನ್ನು ತನಗೆ ಉಪಕಾರ ಮಾಡಿದವನ ಕೈಗಿಟ್ಟಳು.

ಅವಳು ಕಿತ್ತುಕೊಂಡ ರೇಷ್ಮೆಯ ಟೊಪ್ಪಿಗೆ ಎಂದೋ ಮಣ್ಣಾಯಿತು. ಅವಳು ಕೊಟ್ಟ ಎಲೆ ಇನ್ನೂ ಇದೆ.